ಸೀರೆಯ ದಿಂಡಿನ ಮೇಲೆ ಐದಂತಸ್ತು

ಬನಹಟ್ಟಿಯ ಬಡಿಗ ಈರಪ್ಪ ಮಾಡಿದ ಮಗ್ಗ ಅಲುಗಾಡಿದ್ದನ್ನು ಕಂಡವರಿಲ್ಲ. ಕಂಡೆ ಅಂದವರನ್ನು ಅವನು ಸುಮ್ಮನೆ ಬಿಟ್ಟದ್ದೂ ಇಲ್ಲ. ಅಂಥವನ ಮುಂದೆ ಬೇಕರಿಯ ಅಕ್ಷತಾ ಬಂದು, ಕೇಕಿಗೆ ಕಟ್ಟಿಗೆಯ ಆಸರೆ ಬೇಕು ಅಂದಾಗ ಅವನ ಹೆಂಡತಿ ಸತ್ಯವ್ವನಿಗೆ ನಗು ತಡೆಯಲಾಗಲಿಲ್ಲ.

ಅಕ್ಷತಾಳಿಗೆ ನಗು ಬರುವಂತಿರಲಿಲ್ಲ. ಹೋದ ತಿಂಗಳು ಅವಳ ನಾಲ್ಕಂತಸ್ತಿನ ಕೇಕು, ಒಳಗಿನ ಪ್ಲಾಸ್ಟಿಕ್ ಕೊಳವೆ ಬಾಗಿ, ಮಂದಿಯ ಎದುರೇ ಮಗುಚಿತ್ತು. ಈಗ ಮುಧೋಳದ ರಾವಸಾಹೇಬರ ಮದುವೆಗೆ ಐವತ್ತು ವರ್ಷ ತುಂಬಿದ ಸಮಾರಂಭಕ್ಕೆ ಮೊಟ್ಟೆಯಿಲ್ಲದ ಐದಂತಸ್ತಿನ ಕೇಕು ಬೇಕಿತ್ತು.

"ಇದೂ ಬಿದ್ರ ಅಂಗಡಿ ಬಾಗಲಾ ಹಾಕೋದ, ಕಾಕಾ."

"ನನ್ನ ಕೈಯಾಂದು ಬೀಳಂಗಿಲ್ಲವ್ವಾ," ಅಂದ ಈರಪ್ಪ.

ನಡುವೆ ಒಂದು ಕಂಬ, ಅದಕ್ಕೆ ಐದು ದುಂಡು ಹಲಗೆ, ಒಂದೊಂದರ ಕೆಳಗೂ ಅಡ್ಡಗೂಟ. ಮೇಲಿನ ಕೇಕಿನ ಭಾರ ಕೆಳಗಿನದಕ್ಕೆ ತಾಗಲೇಬಾರದು. ಎರಡೇ ದಿನದಲ್ಲಿ ಮುಗಿಸಿ, ಮೇಲೆ ತುಂಬಿದ ಕೊಡ ಇಟ್ಟು ತೋರಿಸಿದ. ಅಕ್ಷತಾ ಹಲಗೆಗೆ ಒಂದಿಷ್ಟು ಕ್ರೀಮು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ನೆಕ್ಕಿ ನೋಡಿ ಮುಖ ಕಿವುಚಿದಳು.

"ಯಾವ ಕಟ್ಟಿಗಿ ಇದು?"

"ಬೇವು. ನೂರು ವರ್ಷ ಹುಳಾ ಹತ್ತಂಗಿಲ್ಲ!"

"ನನ್ನ ಕೇಕು ನೂರು ವರ್ಷ ಇರಂಗಿಲ್ಲ ಕಾಕಾ! ತಿನ್ನಾವರು ಉಗಳತಾರ!"

ಈರಪ್ಪನಿಗೆ ಜೀವಮಾನದಲ್ಲಿ ಅಷ್ಟು ನಾಚಿಕೆಯಾಗಿರಲಿಲ್ಲ. ಅಟ್ಟ ಹತ್ತಿ, ಅಪ್ಪ ಮಾಡಿದ ಹಳೆಯ ಮಗ್ಗದ ದಿಂಡನ್ನು ಇಳಿಸಿದ. ನಲವತ್ತು ವರ್ಷ ಸೀರೆ ಸುತ್ತಿಸಿಕೊಂಡ ಸಾಗವಾನಿ, ಕೂದಲೆಳೆಯಷ್ಟೂ ಬಾಗಿರಲಿಲ್ಲ. ಎಷ್ಟು ಮಂದಿ ಕೇಳಿದರೂ ಮಾರಿರಲಿಲ್ಲ. ಈಗ ಅದಕ್ಕೆ ತನ್ನ ಕೈಯಾರೆ ಗರಗಸ ಇಟ್ಟ. ಅದೇ ಕಂಬವಾಯಿತು, ಹಲಗೆಗಳೂ ಸಾಗವಾನಿಯವೇ ಆದವು. ಈ ಸಲ ಅಕ್ಷತಾ ನೆಕ್ಕಿ ನಕ್ಕಳು.

"ಕ್ರೀಮ್ ಮೆತ್ತಿ ಮುಚ್ಚತಾರ. ನಿಮ್ಮ ಕೆಲಸ ಯಾರ್ ನೋಡ್ತಾರ್ರಿ?" ಅಂದಳು ಸತ್ಯವ್ವ. ಅದು ಅವನಿಗೆ ಚುಚ್ಚಿತು.

ರಾವಸಾಹೇಬರು ಜೈನರು, ಹೊತ್ತು ಮುಳುಗುವುದರೊಳಗೆ ಮನೆಯವರ ಊಟ ಮುಗಿಯಬೇಕು, ಅದಕ್ಕೂ ಮೊದಲೇ ಕೇಕು. ಸಮಾರಂಭದ ದಿನ ಕೇಕು ಹೊತ್ತ ಟೆಂಪೊಗೆ ಮಹಾಲಿಂಗಪುರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಕಟ್ಟಿ ಅರ್ಧ ತಾಸು ತಿಂದವು. ಆಮೇಲೆ ಡ್ರೈವರ್ ಮುತ್ತಣ್ಣ ಟೆಂಪೊ ಓಡಿಸಿದ್ದೇ ಓಡಿಸಿದ್ದು. ರಸ್ತೆಯ ಒಂದು ಹಂಪಿನ ಮೇಲೆ ಗಾಡಿ ಎಗರಿತು.

"ಹಿಡಕೋ ಕಾಕಾ!" ಅಕ್ಷತಾ ಕಣ್ಣು ಮುಚ್ಚಿಕೊಂಡು ಚೀರಿದಳು.

"ಹಿಡಕೊಳ್ಳೂದಿದ್ರ ಕಂಬ ಯಾಕ ಮಾಡ್ತಿದ್ದೆ?" ಕೇಕಿನ ಪಕ್ಕ ಕೂತ ಈರಪ್ಪ ಕೈ ಕಟ್ಟಿಕೊಂಡೇ ಇದ್ದ. ಕಣ್ಣು ಮಾತ್ರ ತುದಿಯ ಅಂತಸ್ತಿಗೇ ನೆಟ್ಟಿತ್ತು.

ಕೇಕು ಅಲುಗಲಿಲ್ಲ. ಮುಧೋಳ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಜನ ಸುತ್ತ ನಿಂತು ಫೋಟೊ ತೆಗೆಸಿಕೊಂಡರು, ಅಕ್ಷತಾಳನ್ನು ಹೊಗಳಿದರು, ಗಳಿಗೆಯಲ್ಲಿ ಐದೂ ಅಂತಸ್ತು ತಿಂದು ಮುಗಿಸಿದರು. ಮೇಜಿನ ಮೇಲೆ ಬರೀ ಕಟ್ಟಿಗೆ ಉಳಿಯಿತು, ನೆಟ್ಟಗೆ.

ಒಂದು ಕಾಲಕ್ಕೆ ಸೀರೆ ವ್ಯಾಪಾರ ಮಾಡಿದ್ದ ರಾವಸಾಹೇಬರು ಹತ್ತಿರ ಬಂದು ಕಂಬ ಸವರಿದರು.

"ಇದು ಮಗ್ಗದ ದಿಂಡಲ್ಲೇನು? ಯಾರ ಮಾಡಿದ್ದು?"

"ದಿಂಡು ನಮ್ಮಪ್ಪಂದರಿ," ಅಂದ ಈರಪ್ಪ. "ಕೇಕು ನಿಂದ್ರಿಸಿದ್ದು ನಾನು."

ರಾವಸಾಹೇಬರು ಹೆಂಡತಿ ಸುಮನ ಅವರನ್ನು ಕರೆದು ಕಂಬದ ಆ ಕಡೆ ನಿಲ್ಲಿಸಿದರು, ಈ ಕಡೆ ತಾವು, ನಡುವೆ ಈರಪ್ಪ. ಫೋಟೊದವನು ಕ್ಯಾಮೆರಾ ಎತ್ತಿದ.

"ತಡೀರಿ," ಅಂದ ಈರಪ್ಪ. ತನ್ನ ಫೋನು ತೆಗೆದು ಅಕ್ಷತಾಳ ಕೈಗಿಟ್ಟ. "ಇದರಾಗೂ ಒಂದು ತೆಗಿಯವ್ವಾ. ತೆಗದು ಈಗಿಂದೀಗ ನಿಮ್ಮ ಕಾಕಿಗೆ ಕಳಸು."