ಬೆಚ್ಚಗಿನ ಸೀಟು

೨೦೨೩ರ ಮಾರ್ಚ್ ೧೧, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ನನ್ನ ಬರವಣಿಗೆಯ ಮೊದಲ ವಿಮರ್ಶೆಯನ್ನು ನಾನು ಕೇಳಿದ್ದು ಆಗ, ಅಕ್ಕನ ಮನೆಯ ಗೇಟಿನ ಮುಂದೆ.

ನಾನು ಕಾರು ತಯಾರಿಸುವ ಕಂಪನಿಯೊಂದರ ಸುರಕ್ಷತಾ ವಿಭಾಗದಲ್ಲಿ ಎಂಜಿನಿಯರ್. ನಮ್ಮ ಒಂದು ಮಾದರಿಯಲ್ಲಿ ಚಾಲಕರ ಸೀಟಿನ ಕೆಳಗಿನ ವೈರು ಕಬ್ಬಿಣದ ಪಟ್ಟಿಗೆ ಉಜ್ಜುತ್ತಿತ್ತು. ಬಾಗಿ ಬಾಗಿ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗಿ, ಉಳಿದವು ಬಿಸಿಯಾಗುತ್ತವೆ. ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿ ಸವೆಯುತ್ತದೆ. ಪೂರ್ತಿ ಸವೆದ ದಿನ ಕಿಡಿ ಹಾರುತ್ತದೆ. ಆ ಕಾರುಗಳನ್ನೆಲ್ಲ ವಾಪಸು ಕರೆಸಿ ವೈರು ಬದಲಿಸಬೇಕು. ಮಾಲೀಕರ ಫೋನಿಗೆ ಹೋಗುವ ಸಂದೇಶ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

‘ಬೆಂಕಿ’ ಎಂದರೆ ಜನ ಗಾಬರಿಯಾಗುತ್ತಾರೆ. ಮೇಲಾಗಿ ಅದು ನಿಖರವೂ ಅಲ್ಲ, ಒಂದು ಕಾರೂ ಇನ್ನೂ ಹೊತ್ತಿರಲಿಲ್ಲವಲ್ಲ. ಅಳೆದೂ ಸುರಿದೂ ಬರೆದೆ: ‘ಕೆಲವು ಸಂದರ್ಭಗಳಲ್ಲಿ ಚಾಲಕರ ಆಸನದಲ್ಲಿ ಉಷ್ಣತೆಯ ಏರಿಕೆ ಅನುಭವಕ್ಕೆ ಬರಬಹುದು. ಅನುಕೂಲವಾದಾಗ ಸೇವಾ ಕೇಂದ್ರಕ್ಕೆ ಭೇಟಿ ನೀಡಿ.’ ಮೇಲಧಿಕಾರಿ ಬೆನ್ನು ತಟ್ಟಿದರು. ಹೆಂಡತಿಗೂ ಓದಿ ಹೇಳಿದೆ. ಅವಳಿಗೆ ನಿದ್ದೆ ಬಂದದ್ದನ್ನು ಮೆಚ್ಚುಗೆ ಎಂದುಕೊಂಡೆ.

ಅಕ್ಕ ಆ ಕಾರು ಕೊಂಡದ್ದೇ ನನ್ನ ಮಾತು ಕೇಳಿ. ಸಂದೇಶ ಓದಿ ಎಂದೋ ಹೊಸ ವೈರು ಹಾಕಿಸಿರುತ್ತಾಳೆ ಎಂದು ನಿಶ್ಚಿಂತನಾಗಿದ್ದೆ. ಅಷ್ಟು ಸ್ಪಷ್ಟವಾಗಿ ಬರೆದಿದ್ದೆನಲ್ಲ!

ಆ ಬೆಳಿಗ್ಗೆ ನಾನು ಹೋದಾಗ ಅವಳು ಪಕ್ಕದ ಮನೆಯ ಅಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದಳು. ಅಜ್ಜಿ ಆಗಲೇ ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಕೂತಿದ್ದರು.

“ಬಾರೋ,” ಎಂದಳು ಅಕ್ಕ, ಕಾರಿನೊಳಗಿಂದಲೇ. “ನಿಮ್ಮ ಕಂಪನೀನ ಬೈದಿದ್ದೆಲ್ಲ ವಾಪಸ್ ತಗೊಂಡೆ. ಸೀಟು ಬೆಚ್ಚಗಾಗೋ ಹಾಗೆ ಮಾಡಿದ್ದೀರಲ್ಲ, ನನ್ನ ಸೊಂಟನೋವು ಅರ್ಧ ಹೋಯ್ತು.”

“ಏನು ಮಾಡಿದ್ದೀವಿ?”

“ಅದೇ, ಮೆಸೇಜ್ ಬಂದಿತ್ತಲ್ಲ, ಉಷ್ಣತೆಯ ಏರಿಕೆ ಅನುಭವಕ್ಕೆ ಬರಬಹುದು ಅಂತ. ಬಂತು ಕಣೋ! ದಿನಾ ಬರ್ತಿದೆ.”

“ನನ್ನ ಕಡೆ ಬರ್ತಿಲ್ಲಪ್ಪ,” ಎಂದರು ಅಜ್ಜಿ. “ಹಿಂದೆ ಕೂತೋರು ಏನು ಪಾಪ ಮಾಡಿದ್ವಿ?”

ಅಕ್ಕನ ಕೈ ಕೀಲಿಯ ಮೇಲಿತ್ತು.

“ತಿರುಗಿಸಬೇಡ! ಇಳಿ! ಅಜ್ಜಿ, ನೀವೂ ಇಳೀರಿ!”

“ಯಾಕೋ?”

ಆಗಲೂ ನನ್ನ ಬಾಯಿಂದ ಬಂದದ್ದು, “ಆಸನದ ಕೆಳಗೆ ಉಷ್ಣತೆಯ…”

“ಮನುಷ್ಯರ ಹಾಗೆ ಮಾತಾಡೋ!”

“ಬೆಂಕಿ ಹತ್ತುತ್ತೆ ಅಕ್ಕಾ!”

ಮೆಟ್ಟಿಲು ಇಳಿಯಲು ಇಬ್ಬರ ತೋಳು ಬೇಕಾಗುವ ಅಜ್ಜಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೀದಿಯ ಆಚೆ ಬದಿಯಲ್ಲಿದ್ದರು.

ಬ್ಯಾಟರಿಯ ತಂತಿ ಕಳಚಿ, ಸೀಟು ಹಿಂದಕ್ಕೆ ಸರಿಸಿ, ನೆಲಕ್ಕೆ ಮೊಣಕಾಲೂರಿ ಬಗ್ಗಿ ನೋಡಿದೆ. ಕೆಂಪು ವೈರು ಪಟ್ಟಿಗೆ ತಾಗುವ ಕಡೆ ಕಂದು ಬಣ್ಣಕ್ಕೆ ತಿರುಗಿತ್ತು. ಅಕ್ಕನೂ ನನ್ನ ಹೆಗಲ ಮೇಲಿಂದ ನೋಡಿದಳು.

“ಆ ಮೆಸೇಜ್ ಬರೆದ ಮಹಾನುಭಾವ ಯಾರು?”

ನಾನು ಇನ್ನಷ್ಟು ಬಗ್ಗಿ ಸೀಟಿನ ಕೆಳಗೆ ತಲೆ ತೂರಿಸಿದೆ.

“ನೀನೇನಾ? ಅಷ್ಟು ವರ್ಷ ಓದಿದ್ದು ಬೆಂಕಿಗೆ ಕಂಬಳಿ ಹೊದಿಸೋಕಾ?”

ಕಂಬಳಿ ಹೊದಿಸಿದರೆ ಬೆಂಕಿ ನಂದುತ್ತದೆ ಎಂದು ತಿದ್ದಲು ಬಾಯಿ ತೆರೆದವನು ಪುಣ್ಯಕ್ಕೆ ಮುಚ್ಚಿಕೊಂಡೆ.

“ಫೋನ್ ತೆಗಿ. ಹೇಳಿದ್ದನ್ನ ಬರಿ. ಸೀಟಿನ ಕೆಳಗೆ ಬೆಂಕಿ ಹತ್ತಬಹುದು. ಕಾರು ಓಡಿಸಬೇಡಿ. ನಾವೇ ಬಂದು ತಗೊಂಡು ಹೋಗ್ತೀವಿ.”

“ನಾವೇ ಬರ್ತೀವಿ ಅಂತ ನಾನು ಹೇಗೆ…”

“ಬರಿ ಅಂದೆ.”

ಬರೆದು ಮೇಲಧಿಕಾರಿಗೆ ಕಳಿಸಿದೆ. ಕೂಡಲೇ ಕರೆ ಬಂತು. “ಬೆಂಕಿ ಅನ್ನೋಕೆ ಆಧಾರ ಏನ್ರೀ? ಅಳತೆ ಇದ್ರೆ ಹೇಳಿ, ಈಗಲೇ ಎಲ್ಲರಿಗೂ ಕಳಿಸ್ತೀನಿ.”

ಅವರದು ನ್ಯಾಯವಾದ ಪ್ರಶ್ನೆ. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ವೈರಿನ ಆ ತುಂಡನ್ನು ಕತ್ತರಿಸಿ, ಹೊದಿಕೆಯನ್ನು ಬಿಡಿಸಿ, ನನ್ನ ಚೀಲದಲ್ಲಿ ಸದಾ ಇರುವ, ದಪ್ಪ ಅಳೆಯುವ ಮೈಕ್ರೋಮೀಟರಿನಿಂದ ತೀರ ತೆಳುವಾದ ಕಡೆ ಅಳೆದೆ. ಮತ್ತೊಮ್ಮೆ ಅಳೆದು ಫೋನಿನಲ್ಲಿ ಓದಿ ಹೇಳಿದೆ. ಹೊಸ ವೈರಿನ ಹೊದಿಕೆ ಅರ್ಧ ಮಿಲಿಮೀಟರ್ ದಪ್ಪ. ಅಕ್ಕನ ಸೀಟಿನ ಕೆಳಗೆ ಉಳಿದಿದ್ದುದು ೦.೦೪ ಮಿಲಿಮೀಟರ್.