ಕೈ ಎತ್ತಿದವರು

ಪೋಂ ಅಂದ ಹಾರ್ನು ಎದುರಿನ ಗುಡ್ಡಕ್ಕೆ ತಾಗಿ ವಾಪಸ್ಸು ಬರುವಷ್ಟರಲ್ಲಿ ಬಸ್ಸು ತಿರುವು ದಾಟಿಯೇ ಬಿಟ್ಟಿತ್ತು, ಈಗ ಕೇಳಿದ್ದು ತನ್ನ ಹಾರ್ನೇ ಇರಬೇಕು ಎಂದುಕೊಂಡ ನಸ್ರುಲ್ಲಾ, ಹಿಂದೆ ಬರುತ್ತಿರುವ ನೀಲಿ ಬಸ್ಸಿನದಂತೂ ಅಲ್ಲ, ಅದರ ಹಾರ್ನಿಗೆ ಯಾವಾಗಲೂ ನೆಗಡಿ, ಅಬ್ದುಲ್ ರಶೀದನಿಗೆ ಬಸ್ಸು ಓಡಿಸಲು ಬರುತ್ತದೆ ಹಾರ್ನಿನ ರಬ್ಬರು ಚೆಂಡು ಬದಲಾಯಿಸಲು ಬರುವುದಿಲ್ಲ — ಎಷ್ಟು ಹಿಂದಿದ್ದಾನೋ, ಆನೇಮಹಲಿನಲ್ಲಿ ಕಂಡಿದ್ದ, ಆಮೇಲೆ ಬರೀ ಧೂಳು, ಧೂಳಿನೊಳಗಿಂದ ಒಂದು ನೀಲಿ ಮೂಗು, ಇವತ್ತು ಮಾತ್ರ ಅವನಿಗೆ ದಾರಿ ಬಿಡುವುದಿಲ್ಲ, ಬಿಟ್ಟರೆ ಕೆಲಸ ಹೋಯಿತು, ನಿಕೋಲಸ್ ಧಣಿಗಳು ನಿನ್ನೆ ಶೆಡ್ಡಿನ ಬಾಗಿಲಲ್ಲಿ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ, ನೀನು ಬಸ್ಸು ಓಡಿಸುವುದಾ ಅಲ್ಲ ಮನೆಮನೆಗೆ ಸಾಮಾನು ಹಂಚುವುದಾ ಮಾರಾಯ, ಆ ನೀಲಿಯವನು ನಿನ್ನ ಮುಂದಿನಿಂದ ಜನ ಎತ್ತಿಕೊಂಡು ಹೋಗುತ್ತಾನೆ, ನಾಳೆ ನಾನೇ ಹಾನುಬಾಳಿನಲ್ಲಿ ನಿಂತಿರುತ್ತೇನೆ, ಅವನು ಮೊದಲು ಬಂದರೆ ನೀನು ಅಲ್ಲೇ ಕೀ ಕೊಟ್ಟು ಇಳಿ. ಮಂಗಳೂರು ಕಡೆಯವರ ಮಾತು, ಬೈದರೂ ಪುಸ್ತಕ ಓದಿದ ಹಾಗೆ ಬೈಯುತ್ತಾರೆ, ಹಿಂದೊಮ್ಮೆ ಇವನ ಮಗಳಿಗೆ ಜ್ವರ ಬಂದಾಗ ಸ್ವಂತ ಜೀಪಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದದ್ದೂ ಇದೇ ಧಣಿ, ಒಬ್ಬನೇ ಮನುಷ್ಯ ಎರಡು ಥರ ಹೇಗಿರುತ್ತಾನೆ ಎಂಬುದೊಂದು ವಿಚಿತ್ರ, ಹೊಸ ಬಸ್ಸಿನ ಸಾಲ ತಲೆಯ ಮೇಲೆ ಕೂತರೆ ಇರುತ್ತಾನೆ ಅಂತ ಕಾಣುತ್ತದೆ. ಬೇಲಿ ಪಕ್ಕದಲ್ಲಿ ಯಾರೋ ಕೈ ಎತ್ತಿದ್ದರು, ಇವನು ಚೆಂಡು ಅದುಮಿದ್ದ, ಈ ರಸ್ತೆಯ ರಿವಾಜೇ ಹಾಗೆ, ಗದ್ದೆಯಲ್ಲಿದ್ದವರು, ಎಸ್ಟೇಟ್ ಗೇಟಿನಲ್ಲಿದ್ದವರು, ಕೂಲಿ ಲೈನಿನ ಮನೆಗಳ ಮುಂದೆ ಪಾತ್ರೆ ತೊಳೆಯುವವರು, ಎಲ್ಲರೂ ನಸ್ರು ಸಾಬರ ಬಸ್ಸು ಅಂತ ಕೈ ಎತ್ತುತ್ತಾರೆ, ಪ್ರತಿ ಕೈಗೂ ಒಂದು ಪೋಂ, ಒಂದು ಕೈಗೂ ಬಾಕಿ ಇಟ್ಟವನಲ್ಲ, ಕುಲ್ಸುಂ ನಗುತ್ತಾಳೆ, ನಿಮಗೆ ಸಂಬಳ ಕೊಡದಿದ್ರೂ ಆ ಸಲಾಮಿಗೋಸ್ಕರ ಬಸ್ಸು ಓಡಿಸ್ತೀರಿ ನೀವು ಅಂತ, ಹೆಂಡತಿಯಾದವಳಿಗೆ ಗಂಡನ ಗುಟ್ಟು ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು.

ಗೇರು ಇಳಿಸಬೇಕು, ಏರು ಬಂತು, ಎಂಜಿನ್ನು ಬೆಳಿಗ್ಗೆಯಿಂದ ಗೊಣಗುತ್ತಿದೆ, ಗೊಣಗಲಿ, ಕಾಫಿ ಹೂವಿನ ವಾಸನೆ ಒಳಗೆ ನುಗ್ಗಿ ಡೀಸೆಲ್ಲಿನ ಜೊತೆ ಸೇರಿ ಮದುವೆಮನೆ ಪಕ್ಕದಲ್ಲಿ ಲಾರಿ ನಿಲ್ಲಿಸಿದ ಹಾಗಾಗಿದೆ — ಆ ಹಳದಿ ಗೋಡೆಯ ಮನೆ ಹೋಯಿತು, ಕಿಟಕಿ ಇವತ್ತೂ ಮುಚ್ಚಿದೆ, ತನ್ನ ಮದುವೆಗೆ ಮುಂಚಿನಿಂದ ಈ ರಸ್ತೆಯಲ್ಲಿದ್ದಾನೆ, ಆ ಕಿಟಕಿ ತೆರೆದದ್ದು ನೋಡಿಲ್ಲ, ಒಳಗೆ ಏನಿರಬಹುದು, ಯಾರಿಗೆ ಬೆಳಕು ಬೇಡವಾಗಿದೆ, ಒಂದು ದಿನ ಇಳಿದು ಕೇಳಬೇಕು ಅಂತ ಇದ್ದಾನೆ, ಬಸ್ಸು ಇಳಿಯಲು ಬಿಟ್ಟರೆ ತಾನೆ. ತಮಾಷೆ ಎಂದರೆ ಈ ಮನೆಗಳಲ್ಲಿ ಒಂದರ ಹೊಸ್ತಿಲನ್ನೂ ಅವನು ತುಳಿದಿಲ್ಲ, ಆದರೆ ಒಳಗಿನ ಸಮಾಚಾರವೆಲ್ಲ ಗೊತ್ತು, ಸಕಲೇಶಪುರದಿಂದ ಅವರಿಗೆ ಬೇಕಾದ್ದೆಲ್ಲ ಅವನ ಸೀಟಿನ ಮುಂದಿನ ಹಲಗೆಯ ಮೇಲೆ ಕೂತು ಬರುತ್ತದೆ, ಕೆಮ್ಮಿನ ಸೀಸೆ ಹೋದರೆ ಅಜ್ಜಿಗೆ ಹುಷಾರಿಲ್ಲ, ಮೀನಿನ ಬುಟ್ಟಿ ಹೋದರೆ ಅಳಿಯ ಬಂದಿದ್ದಾನೆ, ಗ್ರೈಪ್ ವಾಟರ್ ಹೋದರೆ ಗೌಡರ ಮನೆಯಲ್ಲಿ ರಾತ್ರಿ ಯಾರಿಗೂ ನಿದ್ದೆ ಇಲ್ಲ, ಬೇಲಿಯ ಸಂದಿಯಿಂದ ಒಂದು ಕೈ ಬರುತ್ತದೆ, ಇವನು ಕೊಡುತ್ತಾನೆ, ಕೈ ಹೋಗುತ್ತದೆ, ಮುಖ ನೋಡುವಷ್ಟರಲ್ಲಿ ಮುಂದಿನ ತಿರುವು, ಬಳೆಯಿಂದ, ಉಂಗುರದಿಂದ, ಕೆಸರಿನಿಂದ ಗುರುತು ಹಿಡಿಯುತ್ತಾನೆ, ಸಂತೆಯಲ್ಲಿ ಎದುರು ಸಿಕ್ಕಿದರೆ ಮುಖ ಬಿಟ್ಟು ಕೈ ನೋಡುತ್ತಾನೆ. ಇವತ್ತು ಬೇಲಿಗಳೇ ಕಾಣಲಿಲ್ಲ, ಎಲ್ಲ ಒಂದೇ ಹಸಿರು ಗೀಟು, ವೇಗ ಅಂದರೆ ಇದೇ ಇರಬೇಕು, ರಶೀದನಿಗೂ ಹೀಗೇ ಕಾಣುತ್ತದೋ ಏನೋ, ಅವನೂ ಯಾವುದೋ ಧಣಿಗೆ ಹೆದರಿಯೇ ಓಡಿಸುತ್ತಿರಬೇಕು, ಇಬ್ಬರು ಹೆದರಿದವರು ಒಂದೇ ರಸ್ತೆಯಲ್ಲಿ — ಇಷ್ಟಕ್ಕೂ ತನ್ನ ಬಸ್ಸು ರಸ್ತೆಯಲ್ಲಿ ನಿಂತವರಿಗೆ ಹೇಗೆ ಕಾಣುತ್ತದೆ, ಅದು ಬರುವುದನ್ನು ಇಡೀ ಹೋಬಳಿ ನೋಡಿದೆ, ಅವನೊಬ್ಬ ನೋಡಿಲ್ಲ.

ದೊಡ್ಡ ತಿರುವಿನಲ್ಲಿ ಬಸ್ಸು ಎಡಕ್ಕೆ ವಾಲಿತು, ಹಿಂದೆ ಕೋಳಿಯೊಂದು ಕಿರುಚಿತು, ಹಲಗೆಯ ಮೇಲಿಂದ ಏನೋ ಜಾರಿ ಬಂದು ಅವನ ತೊಡೆಯ ಮೇಲೆ ಬಿತ್ತು, ಸಣ್ಣದು, ಭಾರ, ಪೇಪರು ಸುತ್ತಿದ್ದು, ದಾರ ಕಟ್ಟಿದ್ದು, ಒಂದು ಕ್ಷಣ ಏನೆಂದೇ ಹೊಳೆಯಲಿಲ್ಲ, ಆಮೇಲೆ ಹೊಳೆಯಿತು. ಕಮಲಮ್ಮನ ಹೊಲಿಗೆ ಮಿಷನ್ನಿನ ಶಟ್ಲು. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ರಿಪೇರಿ ಅಂಗಡಿಯ ಕಲೀಮುಲ್ಲಾ ಕೈಗೆ ತುರುಕಿದ್ದ, ಇವತ್ತೇ ಕೊಡು ಭಾಯಿ, ಇದಿಲ್ಲದೆ ಮಿಷನ್ನಿಗೆ ಕೆಳದಾರ ಹಿಡಿಯಲ್ಲ, ಹೆಗ್ಗದ್ದೆ ಮದುವೆದು ಹೊಲಿಗೆಯಂತೆ, ಕೈಯಲ್ಲೇ ಹೊಲೀತಾ ಕೂತಿದಾಳಂತೆ, ಸಂಜೆಯೊಳಗೆ ಕೊಡದಿದ್ರೆ ಬಟ್ಟೆ ವಾಪಸ್ ಒಯ್ದು ಪೇಟೆ ಟೈಲರಿಗೆ ಕೊಡ್ತಾರಂತೆ, ಒಂದು ಸಲ ಹಂಗೆ ಆದ್ರೆ ಇನ್ಯಾರು ಕೊಡ್ತಾರೆ ಅವಳಿಗೆ. ಕೊಡ್ತೀನಿ ಬಿಡು ಅಂದಿದ್ದ, ಅವಳ ಮನೆ ಆ ತಿರುವಿನಲ್ಲಿ, ಗುಡ್ಡಕ್ಕೆ ಹಾರ್ನು ತಾಗಿ ವಾಪಸ್ಸು ಬರುವ ತಿರುವಿನಲ್ಲಿ, ಬೇಲಿ ಪಕ್ಕದಲ್ಲಿ ಕೈ ಎತ್ತಿ ನಿಂತಿದ್ದವಳು ಅವಳೇ, ಅವಳು ಸಲಾಂ ಹೊಡೆಯಲಿಲ್ಲ, ನಿಲ್ಲಿಸಿ ಅಂದಳು, ಇವನು ಪೋಂ ಅಂದ. ನಿಲ್ಲಿಸಬೇಕಾ, ಸಂಜೆ ವಾಪಸ್ಸು ಹೋಗುವಾಗ ಕೊಟ್ಟರಾಯಿತು, ಸಂಜೆಗೆ ಮದುವೆಯವರು ಬಂದಿರುತ್ತಾರೆ, ನಿಲ್ಲಿಸಿದರೆ ರಶೀದ ಮುಂದೆ ಹೋಗುತ್ತಾನೆ, ಹೋದರೆ ಕೀ, ಕೀ ಹೋದರೆ ಕುಲ್ಸುಂ, ಮಗಳ ಸ್ಕೂಲು, ಬಾಡಿಗೆ, ಅಲ್ಲ ನಸ್ರು ಒಂದು ಶಟ್ಲು ಕಣೋ, ಹೆಬ್ಬೆರಳಿನಷ್ಟು ಕಬ್ಬಿಣ, ಅದಕ್ಕೋಸ್ಕರವಾ — ಕಾಲು ಇವನನ್ನು ಕೇಳಲೇ ಇಲ್ಲ, ಬ್ರೇಕಿನ ಮೇಲೆ ಕೂತಿತ್ತು. ಏನಾಯ್ತು ಸಾಬ್ರೇ, ಕಂಡಕ್ಟರ್ ಕುಳ್ಳಯ್ಯ ಜನರ ಮಧ್ಯೆ ತೂರಿಕೊಂಡು ಬಂದ, ಟೈರಾ? ಟೈರಲ್ಲ, ಒಂದು ಸಾಮಾನು ಕೊಡೋದು ಮರೆತೆ, ಹೋಗಿ ಕೊಟ್ಟು ಬರ್ತೀನಿ. ಈಗ್ಲಾ, ತಲೆ ಕೆಟ್ಟೈತಾ ನಿಮಗೆ, ಧಣಿ ವಾಚ್ ಹಿಡ್ಕಂಡು ನಿಂತವ್ರೆ ಅಲ್ಲಿ, ಅವನು ಮುಂದಕ್ಕೆ ಹೋಗ್ಬುಟ್ರೆ ಏನ್ ಗತಿ ಸಾಬ್ರೇ. ಗೊತ್ತು ಕಣಯ್ಯ, ಎಂದ, ಗೊತ್ತಿದ್ದರೂ ಇಳಿಯುತ್ತಿದ್ದೇನಲ್ಲ ಎಂದು ಅವನಿಗೇ ಆಶ್ಚರ್ಯ, ಹೆದರಿಕೆ ಇತ್ತು, ಅದರ ಪಕ್ಕದಲ್ಲೇ ರಜೆ ಸಿಕ್ಕ ಹುಡುಗನ ಥರ ಇನ್ನೊಂದೇನೋ ಇತ್ತು, ಅದೇನೆಂದು ನೋಡಲು ಸಮಯವಿರಲಿಲ್ಲ.

ರಸ್ತೆ ಎಷ್ಟು ದೊಡ್ಡದು ಇದು, ಸೀಟಿನಿಂದ ಒಂದು ಬಸ್ಸಿನಗಲ ಇರುತ್ತಿತ್ತು, ಈಗ ನೋಡಿದರೆ ಅಂಚಿನಲ್ಲಿ ಇರುವೆ ಸಾಲು, ಯಾರೋ ಬೀಳಿಸಿಕೊಂಡ ಬಳೆ ಚೂರು, ತನ್ನದೇ ಟೈರಿನ ಗುರುತು, ಬಗ್ಗಿ ನೋಡಿದ, ಈ ಟೈರು ಒಳಗಡೆ ಜಾಸ್ತಿ ಸವೆಯುತ್ತಿದೆ, ನೋಡು, ಇಳಿಯದೆ ಇದು ಗೊತ್ತಾಗುತ್ತಲೇ ಇರಲಿಲ್ಲ, ಇಳಿಜಾರಿನಲ್ಲಿ ಮೊಣಕಾಲು ನೋಯುತ್ತದೆ, ಶಟ್ಲು ಮುಷ್ಟಿಯಲ್ಲಿ ಬಿಸಿಯಾಗುತ್ತಿದೆ, ಅಷ್ಟರಲ್ಲಿ ಕೆಳಗಿನ ತಿರುವಿನಿಂದ ನೆಗಡಿಯ ಹಾರ್ನು, ಬಂದ, ನೀಲಿ ಬಸ್ಸು ಏರು ಹತ್ತುತ್ತಾ ಬಂತು, ಎಷ್ಟು ಎತ್ತರ, ಎಷ್ಟು ಸದ್ದು, ರಸ್ತೆಯನ್ನೆಲ್ಲ ತುಂಬಿಕೊಂಡು ಮನೆಯೊಂದು ಎದ್ದು ಬಂದ ಹಾಗೆ, ಹೀಗೆ ಕಾಣುತ್ತದೆಯಾ ನಾವು ಬರುವುದು, ರಶೀದನಿಗೆ ಹೇಳಿ ಕಳಿಸಬೇಕು, ಹಾನುಬಾಳಿನಲ್ಲಿ ಧಣಿಗಳಿಗೆ ಒಂದು ಮಾತು ಹೇಳು ಮಾರಾಯ, ಬಸ್ಸಿಗೇನೂ ಆಗಿಲ್ಲ, ನಸ್ರುಲ್ಲಾ ಹಿಂದೆ ಬರ್ತಿದಾನೆ ಅಂತ, ಹಳೇ ಸ್ನೇಹಿತ, ಹೇಳದೆ ಇರುತ್ತಾನಾ, ಪಕ್ಕಕ್ಕೆ ಸರಿದು ನಿಂತು ಕೈ ಎತ್ತಿದ. ಗಾಜಿನ ಹಿಂದೆ ರಶೀದನ ಮುಖ ಅರಳಿತು, ಹಲ್ಲು ಕಂಡಿತು, ಪೋಂ ಪೋಂ ಎಂದು ಎರಡು ಸಲ, ಸ್ನೇಹಿತ ಎಂದು ಒಂದು ಹೆಚ್ಚಿಗೆ, ಬಸ್ಸು ದಾಟಿತು, ಬಾಯಿಯ ತುಂಬ ಧೂಳು. ಕೈ ಇನ್ನೂ ಮೇಲೇ ಇತ್ತು. ಅವನು ಅದನ್ನು ಇಳಿಸಲಿಲ್ಲ, ತಲೆಯೆತ್ತಿ ನೋಡಿದ, ಸಲಾಮಿಗೆ ಎತ್ತಿದ ಕೈ ಹೇಗಿರುತ್ತದೆ, ಕರೆಯಲು ಎತ್ತಿದ ಕೈ ಹೇಗಿರುತ್ತದೆ, ಎರಡಕ್ಕೂ ಏನು ವ್ಯತ್ಯಾಸ, ಬೆರಳುಗಳನ್ನು ಹಾಗೊಮ್ಮೆ ಹೀಗೊಮ್ಮೆ ಮಾಡಿ ನೋಡಿದ, ವ್ಯತ್ಯಾಸವೇ ಇರಲಿಲ್ಲ — ಸಾಬ್ರೇ, ಸಾಬ್ರೇ, ಎಂದು ಪಕ್ಕದ ತೋಟದೊಳಗಿಂದ ಕೂಗು, ಕಾಲುದಾರಿಯಲ್ಲಿ ಗಿಡ ಸರಿಸಿಕೊಂಡು ಒಬ್ಬ ಹೆಂಗಸು ಹತ್ತಿ ಬರುತ್ತಿದ್ದಾಳೆ, ಕೊರಳಲ್ಲಿ ಅಳತೆ ಟೇಪು, ಮುಖವೆಲ್ಲ ಬೆವರು, ಇಷ್ಟು ಚಿಕ್ಕ ವಯಸ್ಸಿನವಳೇ ಕಮಲಮ್ಮ, ಕೈ ನೋಡಿ ದೊಡ್ಡವಳೆಂದುಕೊಂಡಿದ್ದ, ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗಾಯ, ಉಸಿರು ಸಿಗುತ್ತಿಲ್ಲ ಅವಳಿಗೆ. ಓಡಿ ಬಂದ್ಯಾ ತಾಯಿ, ಯಾಕೆ ಓಡಿದೆ, ನಾನೇ ಬರ್ತಿದ್ನಲ್ಲ. ನೀವು ಹಾರ್ನ್ ಹೊಡುದ್ರಲ್ಲ ಸಾಬ್ರೇ, ಎಂದಳು, ಎದೆ ಒತ್ತಿ ಹಿಡಿದುಕೊಂಡು ನಗುತ್ತ, ನಂಗದು ಕಂಡೆ ಕಣಮ್ಮ, ಮುಂದೆ ನಿಲ್ಲುಸ್ತೀನಿ ಬಾ ಅಂದಂಗಾಯ್ತು, ಅದ್ಕೆ ಓಡ್ಬಂದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಅವನು ಶಟ್ಲು ಕೊಟ್ಟ, ತಪ್ಪಾಯ್ತಮ್ಮ ಎನ್ನಲು ಬಾಯಿ ತೆರೆದರೆ ಧೂಳಿಗೆ ಕೆಮ್ಮು ಬಂತು, ಅವಳು ಶಟ್ಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬತ್ತೀನಿ ಸಾಬ್ರೇ, ಇನ್ನೂ ಮೂರು ಜಾಕೀಟು ಐತೆ ಎಂದು ಗಿಡಗಳೊಳಗೆ ಇಳಿದೇ ಬಿಟ್ಟಳು.

ಬಸ್ಸು ಮತ್ತೆ ಹೊರಟಿದೆ, ಹಿಂದಿನ ಸೀಟುಗಳಲ್ಲಿ ಗೊಣಗಾಟ ಮುಗಿದು ನಿದ್ದೆ ಶುರುವಾಗಿದೆ, ಓಡಿಸಿ ಪ್ರಯೋಜನವಿಲ್ಲ, ನಿಧಾನ ಹೋಗಿಯೂ ಪ್ರಯೋಜನವಿಲ್ಲ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪುಲ್ಪರ್ ಮನೆಯ ಮುಂದೆ ವೀರಯ್ಯ ಕೈ ಎತ್ತಿದ, ನಸ್ರುಲ್ಲಾ ನಿಲ್ಲಿಸಿದ, ಏನ್ ವೀರಯ್ಯ, ಏನ್ ಬೇಕಿತ್ತು, ಏನಿಲ್ವಲ್ಲ, ಸುಮ್ಕೆ ಎತ್ತಿದ್ದು ಹೋಗಿ ಅತ್ಲಾಗೆ, ಬಸ್ಸೆಲ್ಲ ನಕ್ಕಿತು, ಅವನೂ ನಕ್ಕ, ನಗುವಾಗಲೇ ಲೆಕ್ಕ ತಪ್ಪತೊಡಗಿತು, ಹೋದ ಮಳೆಗಾಲ ಹಳ್ಳ ದಾಟುವ ಸಂಕದ ಹತ್ತಿರ ಕಂಬಳಿಯೊಳಗಿಂದ ಎತ್ತಿದ್ದ ಕೈ, ಅದು ಯಾವುದು, ಮಗುವನ್ನು ಎತ್ತಿಕೊಂಡವಳೊಬ್ಬಳ ಇನ್ನೊಂದು ಕೈ, ಅದು, ರಂಜಾನಿನ ಹಿಂದಿನ ದಿನ ಓಡುತ್ತಾ ಬಂದು ಎತ್ತಿದ ಮುದುಕನ ಕೈ, ಓಡುತ್ತಾ ಬಂದು ಯಾರಾದರೂ ನಮಸ್ಕಾರ ಮಾಡುತ್ತಾರಾ, ಎಲ್ಲದಕ್ಕೂ ಪೋಂ ಎಂದಿದ್ದ, ನಗುತ್ತಾ, ಕುಲ್ಸುಂಗೆ ಹೇಳಬೇಕು, ಸಲಾಮಿನ ಬಗ್ಗೆ ಅವಳು ಹೇಳಿದ್ದರಲ್ಲಿ ಅರ್ಧ ಮಾತ್ರ ನಿಜ, ಉಳಿದ ಅರ್ಧ ಕೈಗಳು ಏನು ಕೇಳಿದವೋ ಗೊತ್ತಿಲ್ಲ, ಯಾರನ್ನು ಕೇಳಬೇಕು, ಎಲ್ಲಿಂದ ಶುರು ಮಾಡಬೇಕು, ಆ ಸಂಕದಿಂದ, ಕೀ ಹೋದ ಮೇಲೆ ನಡೆದೇ ಹೋಗಬಹುದು, ಕಾಲಿದೆ — ಹಾನುಬಾಳು ಬಂತು, ಅಂಗಡಿಗಳು, ಜೀಪು, ಆಗಲೇ ಖಾಲಿಯಾಗಿ ನಿಂತ ನೀಲಿ ಬಸ್ಸು, ಅದರ ಮುಂದೆ ಬಿಳಿ ಪ್ಯಾಂಟಿನ ನಿಕೋಲಸ್ ಧಣಿಗಳು, ಇವನನ್ನು ಕಂಡರು, ವಾಚನ್ನು ನೋಡಲಿಲ್ಲ, ಕೈ ಎತ್ತಿದರು. ನಸ್ರುಲ್ಲಾ ಚೆಂಡಿನ ಮೇಲೆ ಇಟ್ಟ ಬೆರಳನ್ನು ಅದುಮದೆ ಕಾದ. ಆ ಕೈ ನಿಧಾನವಾಗಿ ಇಳಿದು ಸೊಂಟದ ಎತ್ತರಕ್ಕೆ ಬಂದು ಅಂಗೈ ಮೇಲೆ ಮಾಡಿ ನಿಂತಿತು. ಇದೊಂದು ಕೈ ಕೇಳುವುದೇನೆಂದು ಇಳಿದು ಹೋಗಿ ವಿಚಾರಿಸಬೇಕಾಗಿರಲಿಲ್ಲ, ಎಂಜಿನ್ ಆರಿಸಿದ, ಕೀ ಎಳೆದ, ಬಿಸಿ ಕೀ, ಗಾಜಿನಾಚೆ ಆ ಅಂಗೈ, ಅಲುಗದೆ, ಖಾಲಿ —