ನಾಲ್ಕೂಕಾಲಿಗೆ ಬಿಟ್ಟ ಬಲೂನು

ಕೋಟು ಕಂಕುಳಲ್ಲಿ ಹಿಡಿಯುತ್ತಿದೆ, ಇನ್ನೆರಡು ದಿನ ಬಿಡಿ ಸಾರ್ ಸ್ವಲ್ಪ ಸಡಿಲ ಮಾಡಿಕೊಡ್ತೀನಿ ಎಂದಿದ್ದ ದರ್ಜಿ, ಬಲೂನಪ್ಪ ಕೇಳಲಿಲ್ಲ, ಯಾರ ಮಾತು ತಾನೇ ಕೇಳಿದ್ದಾನೆ ಅವನು, ಈಗ ವಿಚಾರಣೆಯ ಕೋಣೆಯಲ್ಲಿ ಕೈ ಎತ್ತಲೂ ಆಗದೆ ಕೂತಿದ್ದಾನೆ — ಮೇಜಿನಾಚೆ ತನಿಖಾಧಿಕಾರಿ, ಎದುರು ಕುರ್ಚಿಯಲ್ಲಿ ಪೈಲಟ್, ಆಕಾಶದಲ್ಲಿ ಇಲ್ಲದ್ದನ್ನು ಕಂಡನೆಂದು ಮೂರು ವಾರದಿಂದ ಹಾರಲು ಬಿಡದೆ ನೆಲದ ಮೇಲೇ ಉಳಿಸಿರುವ ಪೈಲಟ್, ನಾಲ್ಕೂ ನಲವತ್ತಕ್ಕೆ ಸರ್, ಬೆಳ್ಳಗೆ, ಗುಂಡಗೆ, ರೆಕ್ಕೆ ಇರ್ಲಿಲ್ಲ, ಹೊಳೀತಿತ್ತು, ತೀರಾ ಹತ್ತಿರ ಬಂತು ಅಂತ ವಿಮಾನ ತಿರುಗಿಸ್ದೆ. ಎಲ್ಲಾ ನಿಜ, ಒಂದೊಂದು ಮಾತೂ ನಿಜ, ಗುಂಡಗಿರದೆ ಇನ್ನೇನು, ವಾಯುನೆಲೆಯಲ್ಲೆಲ್ಲ ಬಲೂನಪ್ಪ ಎಂದೇ ಹೆಸರಾದವನು ಬಿಟ್ಟದ್ದು ಮತ್ತೇನಿದ್ದೀತು, ಹವಾಮಾನ ವಿಭಾಗದಲ್ಲಿ ಇಪ್ಪತ್ತಾರು ವರ್ಷ, ದಿನಾ ಸಂಜೆ ಐದಕ್ಕೆ ಒಂದು ಬಿಳಿ ಬಲೂನು ಬಿಟ್ಟು ಗಾಳಿ ಎತ್ತ ಬೀಸುತ್ತಿದೆ ಎಂದು ಬರೆದಿಡುವ ಕೆಲಸ, ಆ ದಿನ ಮಾತ್ರ ನಾಲ್ಕೂಕಾಲಿಗೇ ಬಿಟ್ಟ, ತನ್ನ ನಿವೃತ್ತಿಯ ಬೀಳ್ಕೊಡುಗೆಗೆ ಹೊಲಿಸಿದ ಕೋಟಿನ ಅಳತೆ ನೋಡಬೇಕಿತ್ತು, ದರ್ಜಿ ಐದಕ್ಕೆ ಬಾಗಿಲು ಹಾಕುತ್ತಾನೆ, ಬಿಡುವ ಮುಂಚೆ ಕಂಟ್ರೋಲ್ ಟವರಿಗೆ ಫೋನ್ ಮಾಡಬೇಕು, ಮಾಡಿದರೆ ಇಷ್ಟು ಬೇಗ ಯಾಕೆ ಎನ್ನುತ್ತಾರೆ, ಮಾಡಲಿಲ್ಲ. ರಿಜಿಸ್ಟರಿನಲ್ಲಿ ಐದು ಗಂಟೆ, ಅದೂ ಸೋಮವಾರವೇ ಬರೆದದ್ದು, ಇಡೀ ವಾರದ ಹೊತ್ತನ್ನು ಒಂದೇ ಸಲ ತುಂಬಿಬಿಡುವುದು, ಐದು, ಐದು, ಐದು, ಕೆಲಸ ಕಲಿಸಿದ ಹಿರಿಯರೂ ಹಾಗೇ ಮಾಡುತ್ತಿದ್ದರು, ಒಂದೇ ಶಾಯಿ, ಒಂದೇ ಓರೆ, ಅಧಿಕಾರಿ ಪುಟದ ಮೇಲೆ ಬೆರಳಾಡಿಸುತ್ತಿದ್ದಾರೆ — ಗೊತ್ತಾಯಿತೇ — ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಈ ಕೋಟಿನಲ್ಲಿ ಅದಕ್ಕೂ ಕೈ ಏಳದು. ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಕಣ್ರೀ, ಎನ್ನುತ್ತಾರೆ ಅವರು, ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಬೆಳಿಗ್ಗೆ ಹೆಂಡತಿ ಗುಂಡಿ ಹಾಕುತ್ತಾ, ಹೇಳಿಬಿಡ್ರೀ, ಪಿಂಚಣಿ ಹೋದ್ರೆ ಹೋಗ್ಲಿ, ಇಬ್ಬರೇ ತಾನೇ, ಅಲ್ಲಿ ಒಬ್ಬನ ಬದುಕೇ ಹೋಗ್ತಿದೆ, ಹೂಂ ಕಣೇ ಹೇಳ್ತೀನಿ ಎಂದು ಹೊರಟವನು, ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡೇ ಬಂದವನು, ಅದು ನನ್ನ ಬಲೂನು ಸರ್, ನಾಲ್ಕೇ ಮಾತು, ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ಈ ಪೈಲಟ್ ಮತ್ತೆಂದೂ ಹಾರುವುದಿಲ್ಲ, ತೀರ್ಮಾನ ಇವತ್ತೇ, ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ, ಇಲ್ಲಿ ತಿಂದವನು ಒಬ್ಬ, ಕುಡಿಯುತ್ತಿರುವವನು ಇನ್ನೊಬ್ಬ. ಆ ಹೊತ್ತಲ್ಲಿ ನಿಮ್ಮ ಬಲೂನು ಮೇಲಿತ್ತಾ, ಅಧಿಕಾರಿ ಕೇಳುತ್ತಾರೆ, ಹೌದು ಎನ್ನು, ಈಗ ಎನ್ನು — ಇಲ್ಲ ಸರ್, ಐದಕ್ಕೇ ಬಿಟ್ಟಿದ್ದು, ಯಾರ ದನಿ ಇದು, ಇಷ್ಟು ಸಲೀಸಾಗಿ. ಅಧಿಕಾರಿ ರಿಜಿಸ್ಟರು ಮುಚ್ಚುತ್ತಾರೆ. ಪೈಲಟ್ ಜಗಳಕ್ಕೆ ಬರಲಿಲ್ಲ, ಬಂದಿದ್ದರೆ ಎಷ್ಟೋ ವಾಸಿಯಿತ್ತು, ಈ ಅಣ್ಣ ಸುಳ್ಳು ಹೇಳೋರಲ್ಲ ಸರ್, ಹಾಗಾದ್ರೆ ನನಗೇ ಏನೋ ಆಗಿದೆ, ಎಂದ, ಮೆಲ್ಲಗೆ, ಆಮೇಲೆ ಕಿಟಕಿಯ ಕಡೆ ತಿರುಗಿ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಆಕಾಶ ನೋಡಿದ, ಕೈ ಬದಲಿಸಿ ಎಡಗಣ್ಣು ಮುಚ್ಚಿ ನೋಡಿದ, ಯಾವ ಕಣ್ಣು ಮೋಸ ಮಾಡಿದ್ದೆಂದು, ಹೊರಗೆ ಮೆಟ್ಟಿಲಿಳಿಯುವಾಗಲೂ ಬಲೂನಪ್ಪನ ಕಣ್ಣ ಮುಂದೆ ಅದೇ, ಬಸ್ಸಿನಲ್ಲೂ ಅದೇ, ಹೇಳಿದ್ರಾ ಎಂದು ಬಾಗಿಲಲ್ಲೇ ಹೆಂಡತಿ ಕೇಳುತ್ತಿರುವಾಗಲೂ — ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು, ಒಂದು ಕಣ್ಣು ಮುಚ್ಚಿ, ಆಮೇಲೆ